ಮನೆಗೆ ಫೈಬರ್ ಬಂತು. ಸರತಿ ಸಾಲು ಸರಿಪಡಿಸುವವರು ಯಾರು?

ನಾರಾಯಣಪೇಟೆ: ರಾತ್ರಿ ಎಂಟರ ಹೊತ್ತು. ನೇಕಾರರ ಮನೆಯೊಂದರಿಂದ ಹೊಸ ಸೀರೆಯ ವಿಡಿಯೊ ದೂರದ ವ್ಯಾಪಾರಿಗೆ ಹೋಗುತ್ತಿದೆ. ಪಕ್ಕದ ಕೋಣೆಯಲ್ಲಿ ಮಗಳ ಆನ್‌ಲೈನ್ ತರಗತಿಯ ಧ್ವನಿ ತುಂಡು ತುಂಡಾಗುತ್ತಿದೆ. ಮನೆಯವರು ಕಂಪನಿಯನ್ನು ಬೈದು, ಮುಂದಿನ ತಿಂಗಳು ದೊಡ್ಡ ಪ್ಲಾನ್ ಹಾಕಿಸುತ್ತಾರೆ. ದುಡ್ಡು ಹೋಗುತ್ತದೆ, ತೊಂದರೆ ಮಾತ್ರ ಉಳಿಯುತ್ತದೆ. ಮಕ್ತಲ್, ಗದ್ವಾಲ್ ಕಡೆಯ ಬಳಕೆದಾರರಿಗೂ ಇದು ಹೊಸ ಕಥೆಯಲ್ಲ.

ತೆಲಂಗಾಣ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಟಿ-ಫೈಬರ್ ಸೇವೆ ಆರಂಭಿಸಿದಾಗ ಪ್ರಯೋಗಕ್ಕೆ ಆರಿಸಿಕೊಂಡ ಊರುಗಳಲ್ಲಿ ನಾರಾಯಣಪೇಟೆ ಜಿಲ್ಲೆಯ ಮದ್ದೂರು ಕೂಡ ಒಂದಾಗಿತ್ತು. ಊರಿಗೆ ತಂತಿ ಬರುತ್ತದೆಯೇ ಎಂಬುದು ಮೊದಲಿನ ಪ್ರಶ್ನೆ. ಬಂದ ತಂತಿಯನ್ನು ಒಂದೇ ಮನೆಯ ಐದಾರು ಫೋನು, ಟಿವಿಗಳು ಹೇಗೆ ಹಂಚಿಕೊಳ್ಳಬೇಕು ಎಂಬುದು ಈಗಿನ ಪ್ರಶ್ನೆ.

ಸೇತುವೆಯ ಮೇಲಿನ ಲಾರಿ

ಕೃಷ್ಣಾ ನದಿಯ ಸೇತುವೆಯ ಮೇಲೆ ಭತ್ತದ ಲಾರಿಗಳು ಸಾಲುಗಟ್ಟಿ ನಿಂತರೆ ಹಿಂದಿನ ಆಂಬುಲೆನ್ಸ್ ಕೂಡ ನಿಲ್ಲಲೇಬೇಕು. ಮನೆಯ ರೂಟರ್‌ನಲ್ಲಿ ಆಗುವುದೂ ಇದೇ. ಅಪ್‌ಲೋಡ್ ವೇಗ 4 ಎಂಬಿಪಿಎಸ್ ಇರುವ ಮನೆಯಿಂದ 200 ಎಂಬಿ ವಿಡಿಯೊ ಕಳಿಸಿದರೆ ಸುಮಾರು ಆರೂವರೆ ನಿಮಿಷ ಬೇಕು. ಆ ಹೊತ್ತಿನಲ್ಲಿ ರೂಟರ್ ಒಳಗೆ 1 ಎಂಬಿಯಷ್ಟು ಸರತಿ ಬೆಳೆದರೆ, ತರಗತಿಯ ಮಾತಿನ ಸಣ್ಣ ತುಣುಕು ಅದರ ಹಿಂದೆ 2 ಸೆಕೆಂಡು ಕಾಯುತ್ತದೆ. ಮಾತುಕತೆ ಕೆಡಲು ಅಷ್ಟು ಸಾಕು. ಡೌನ್‌ಲೋಡ್ ವೇಗ 50 ಇದ್ದರೂ 100 ಇದ್ದರೂ ಅಪ್‌ಲೋಡ್ ಅಷ್ಟೇ ಇದ್ದರೆ ಈ ಕಾಯುವಿಕೆ ತಪ್ಪುವುದಿಲ್ಲ.

ತಜ್ಞರು ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟಿದ್ದಾರೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಕೋಡೆಲ್ ಎಂಬ ಪರಿಹಾರವನ್ನು ಪ್ರಕಟಿಸಿದರು. ಸರತಿ ಅತಿಯಾಗಿ ಬೆಳೆಯದಂತೆ ಅದು ತಡೆಯುತ್ತದೆ. ಅದರ ಮುಂದಿನ ರೂಪಗಳು ಒಂದೊಂದು ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಸರದಿಯಂತೆ ಬಿಡುತ್ತವೆ. ಕೆಲವು ರೂಟರ್‌ಗಳಲ್ಲಿ ಈ ಸೌಲಭ್ಯ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ ಸಿಗುತ್ತದೆ.

ಅಳತೆ ಸರಿಯಿರಲಿ

ಇಲ್ಲಿ ಸರಿಯಾದ ಅಂಕಿಯೇ ಮುಖ್ಯ. ವೈಫೈ ಬಿಟ್ಟು, ಕೇಬಲ್ ಮೂಲಕ ಕಂಪ್ಯೂಟರ್ ಜೋಡಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತರ ಹೊತ್ತಿಗೆ ನಾಲ್ಕೈದು ದಿನ ವೇಗ ಅಳೆಯಬೇಕು. ಪ್ಲಾನ್‌ನಲ್ಲಿ ಬರೆದ ಅಂಕಿಯನ್ನು ಬಿಟ್ಟು, ರಾತ್ರಿ ನಿಜವಾಗಿ ಸಿಗುವ ವೇಗವನ್ನು ಲೆಕ್ಕಕ್ಕೆ ಹಿಡಿಯಬೇಕು. ಅದರ ಶೇ. 85ರಿಂದ 95ರಷ್ಟನ್ನು ರೂಟರ್‌ನಲ್ಲಿ ಮಿತಿಯಾಗಿ ಹಾಕಬೇಕು. ಅಪ್‌ಲೋಡ್, ಡೌನ್‌ಲೋಡ್ ಎರಡಕ್ಕೂ ಬೇರೆ ಬೇರೆ ಮಿತಿ. 4 ಎಂಬಿಪಿಎಸ್ ಸಿಗುವ ಕಡೆ 3.6 ಹಾಕಿದರೆ ಸ್ವಲ್ಪ ವೇಗ ಬಿಟ್ಟುಕೊಟ್ಟಂತೆ. ಪ್ರತಿಯಾಗಿ ಸರತಿಯ ಹಿಡಿತ ಮನೆಯ ಕೈಗೆ ಬರುತ್ತದೆ. ಮಿತಿಯನ್ನು ಹೆಚ್ಚಾಗಿ ಹಾಕಿದರೆ ಸರತಿ ಮತ್ತೆ ಮೋಡೆಮ್‌ಗೋ ಕಂಪನಿಯ ಕಡೆಗೋ ಹೋಗುತ್ತದೆ, ಮಾಡಿದ ಕೆಲಸ ವ್ಯರ್ಥ.

ಬಿಟ್, ಬೈಟ್ ಗೊಂದಲವೂ ಬೇಡ. 8 ಬಿಟ್ ಸೇರಿದರೆ 1 ಬೈಟ್. 3.6 ಎಂಬಿಪಿಎಸ್ ಎಂದರೆ 3600 ಕಿಲೋಬಿಟ್, ಆದರೆ 450 ಕಿಲೋಬೈಟ್ ಮಾತ್ರ. ರೂಟರ್ ಯಾವುದನ್ನು ಕೇಳುತ್ತಿದೆ ಎಂದು ನೋಡದೆ ಅಂಕಿ ತುಂಬಿದರೆ ಲೆಕ್ಕ ಎಂಟು ಪಟ್ಟು ತಪ್ಪುತ್ತದೆ. ಗೋಡೆಗಳಾಚೆ ವೈಫೈ ಸಿಗದಿದ್ದರೆ ಅದು ಬೇರೆ ರೋಗ, ಈ ಔಷಧ ಅದಕ್ಕಲ್ಲ. ಟವರ್ ಮೂಲಕ ಬರುವ ಏರ್‌ಫೈಬರ್‌ನಂಥ ಸೇವೆಗಳಲ್ಲಿ ವೇಗವೇ ಏರಿಳಿಯುವುದರಿಂದ ಒಂದೇ ಮಿತಿ ಹೊಂದಿಸುವುದು ಕಷ್ಟ.

ನಿಯಮದಲ್ಲಿ ಇಲ್ಲದ್ದು

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಆದರೆ ಆ ವ್ಯಾಖ್ಯೆ ಹೇಳುವುದು ಡೌನ್‌ಲೋಡ್ ವೇಗವನ್ನಷ್ಟೇ. ಸೀರೆಯ ಚಿತ್ರ ಕಳಿಸುವ ನೇಕಾರನಿಗೆ, ವೈದ್ಯರೊಂದಿಗೆ ವಿಡಿಯೊದಲ್ಲಿ ಮಾತಾಡುವ ರೋಗಿಗೆ ಬೇಕಾದ ಅಪ್‌ಲೋಡ್ ವೇಗದ ಮಾತು ಅದರಲ್ಲಿಲ್ಲ. ಇನ್ನೊಂದೆಡೆ, ಯಾವ ತಾಣಕ್ಕೂ ಕಂಪನಿಗಳು ಭೇದ ಮಾಡಬಾರದು ಎಂಬ ನೆಟ್ ಸಮಾನತೆಯ ತತ್ವವನ್ನು ಸರ್ಕಾರ 2018ರಲ್ಲಿ ಒಪ್ಪಿದೆ. ಮನೆಯೊಳಗೆ ತರಗತಿ ಮೊದಲೋ ಸಿನಿಮಾ ಮೊದಲೋ ಎಂದು ತೀರ್ಮಾನಿಸುವ ಹಕ್ಕು ಮಾತ್ರ ಮನೆಯವರದೇ. ಆದರೆ ಕೊಟ್ಟ ರೂಟರ್‌ನಲ್ಲಿ ಆ ಸೌಲಭ್ಯವೇ ಇಲ್ಲದಿದ್ದರೆ, ಇದ್ದರೂ ಪಾಸ್‌ವರ್ಡ್ ಗ್ರಾಹಕನ ಕೈಗೆ ಬಾರದಿದ್ದರೆ, ಆ ಹಕ್ಕು ಬರೀ ಮಾತಾಗಿ ಉಳಿಯುತ್ತದೆ.

ಗಡಿಭಾಗದ ಮನೆಗಳಿಗೆ ಇದರ ಬಿಸಿ ಎರಡು ಪಟ್ಟು. ತೆಲಂಗಾಣದ ಇಎಪಿಸೆಟ್ ಇರಲಿ, ಕರ್ನಾಟಕದ ಸಿಇಟಿ ಇರಲಿ, ಕಾಲೇಜು ಆಯ್ಕೆ ನಮೂದಿಸುವುದು ಆನ್‌ಲೈನ್‌ನಲ್ಲೇ, ಅದೂ ಗಡುವಿನೊಳಗೆ. ಕೊನೆಯ ರಾತ್ರಿ ಪುಟ ತೆರೆಯದಿದ್ದರೆ ಮಗುವಿನ ಒಂದು ವರ್ಷವೇ ಪಣಕ್ಕೆ ಬಿದ್ದಂತೆ.

ಆದ್ದರಿಂದ ಸಂಪರ್ಕ ಪಡೆಯುವಾಗ ಮೂರು ಪ್ರಶ್ನೆ ಕೇಳಬೇಕು. ಅಪ್‌ಲೋಡ್ ವೇಗ ಎಷ್ಟು? ರೂಟರ್‌ನಲ್ಲಿ ಸರತಿ ನಿಯಂತ್ರಣ ಇದೆಯೇ? ಇಲ್ಲದಿದ್ದರೆ ಸ್ವಂತ ರೂಟರ್ ಜೋಡಿಸಬಹುದೇ? ಟಿ-ಫೈಬರ್‌ನಂಥ ಸರ್ಕಾರಿ ಯೋಜನೆ ಇವಕ್ಕೆ ತೆಲುಗು, ಕನ್ನಡ ಎರಡರಲ್ಲೂ ಬರಹದಲ್ಲೇ ಉತ್ತರ ಕೊಟ್ಟರೆ ಖಾಸಗಿ ಕಂಪನಿಗಳಿಗೂ ಅದು ಮಾದರಿಯಾದೀತು. ಅಲ್ಲಿಯವರೆಗೆ ದೊಡ್ಡ ಪ್ಲಾನ್‌ಗೆ ಹಣ ಕಟ್ಟುವ ಮುನ್ನ ಒಂದು ವಾರ ಅಳೆದು ನೋಡುವುದೇ ಲೇಸು.