ಎಂಟು ಲಕ್ಷದ ಜೀವ, ಒಂದೂವರೆ ಕೋಟಿಯ ಜೀವ

"ಜೀವಕ್ಕೆ ಬೆಲೆ ಕಟ್ಟೋಕಾಗುತ್ತೇನ್ರೀ?" ಅನ್ನುವವರನ್ನು ಕಂಡರೆ ನನಗೀಗ ಸಿಟ್ಟು ಬರುತ್ತದೆ. ಕಟ್ಟಿ ಆಗಿದೆ ಸ್ವಾಮಿ! ಎಂಟು ಲಕ್ಷ ರೂಪಾಯಿ. ಟಿಕೆಟ್ಟೋ ಪಾಸೋ ಇದ್ದವನು ಲೋಕಲ್‌ನಿಂದ ಬಿದ್ದು ಸತ್ತರೆ ಮನೆಯವರಿಗೆ ಸಿಗುವ ಪರಿಹಾರ ಅದು. 2017ರ ಜನವರಿಗೆ ಮುಂಚೆ ನಾಲ್ಕು ಲಕ್ಷ ಇತ್ತು. ಹಳಿ ದಾಟುವಾಗ ಸತ್ತವನಿಗೆ ಸಾಮಾನ್ಯವಾಗಿ ಅದೂ ಇಲ್ಲ.

ಉಲ್ಹಾಸನಗರಕ್ಕೆ ಬಂದು ದಶಕಗಳೇ ಆದವು. ನಮ್ಮ ಕಡೆಯವರು ಬೆಳಿಗ್ಗೆ ಬಾಗಿಲ ಕಂಬಿಗೆ ಜೋತುಬಿದ್ದು ಹೋಗುವುದನ್ನು "ಅಡ್ಜಸ್ಟ್ ಮಾಡ್ಕೊಳ್ಳೋದು" ಅಂತ ಹೆಮ್ಮೆಯಿಂದ ಊರಲ್ಲಿ ಹೇಳುತ್ತಾರೆ. ಮುಂಬಯಿ ಉಪನಗರ ರೈಲು ಹಳಿಗಳ ಮೇಲೆ 2023 ಒಂದೇ ವರ್ಷದಲ್ಲಿ ಸತ್ತವರು 2,590. ದಿನಕ್ಕೆ ಏಳು ಜನ. 2025ರ ಜೂನ್ 9ರಂದು ಮುಂಬ್ರಾ ತಿರುವಿನಲ್ಲಿ ಎರಡು ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದರು, ನಾಲ್ವರು ಅಂದೇ ತೀರಿಕೊಂಡರು. ಅವತ್ತೇ ರೈಲ್ವೆಯ ಘೋಷಣೆ ಬಂತು: ಹೊಸ ಗಾಡಿಗಳಿಗೆ ತಾನೇ ಮುಚ್ಚುವ ಬಾಗಿಲು! ಅಂಥ ಬಾಗಿಲು ಏಸಿ ಲೋಕಲ್‌ನಲ್ಲಿ 2017ರ ಡಿಸೆಂಬರಿನಿಂದಲೇ ಇದೆ. ಅಂದರೆ ವಿದ್ಯೆ ಗೊತ್ತಿತ್ತು, ದುಬಾರಿ ಟಿಕೆಟ್ಟಿಗೆ ಮಾತ್ರ ಕಟ್ಟಿಟ್ಟಿದ್ದರು.

ಅರ್ಥಶಾಸ್ತ್ರಜ್ಞರ ಹತ್ತಿರ ಇನ್ನೊಂದು ಲೆಕ್ಕ ಇದೆ. 1968ರಲ್ಲಿ ಥಾಮಸ್ ಶೆಲ್ಲಿಂಗ್ ದಾರಿ ತೋರಿಸಿದ್ದು. ಸತ್ತವನ ಬೆಲೆ ಎಷ್ಟು ಅಂತ ಕೇಳಬೇಡಿ, ಸಾಯುವ ಅಪಾಯ ಸ್ವಲ್ಪ ಕಡಿಮೆಯಾಗುವುದಕ್ಕೆ ಬದುಕಿರುವವರು ಎಷ್ಟು ಕೊಟ್ಟಾರು ಅಂತ ಕೇಳಿ. ಒಂದು ಉದಾಹರಣೆ ನೋಡಿ. ಹತ್ತು ಸಾವಿರ ಪ್ರಯಾಣಿಕರಲ್ಲಿ ವರ್ಷಕ್ಕೆ ಒಂದು ಸಾವು ತಪ್ಪುತ್ತದೆ, ಅದಕ್ಕೆ ತಲೆಗೆ 1,500 ರೂಪಾಯಿ ಕೊಡಲು ಎಲ್ಲರೂ ತಯಾರು ಅಂದುಕೊಳ್ಳಿ. ಒಟ್ಟು ಒಂದೂವರೆ ಕೋಟಿ. ಆ ಒಂದು ಸಾವು ತಪ್ಪಿಸುವುದಕ್ಕೆ ಅವರೇ ಕಟ್ಟಿದ ಬೆಲೆ ಅದು.

ಒಂದೂವರೆ ಕೋಟಿ ಅನ್ನುವುದು ನಾನು ಸುಮ್ಮನೆ ಹೇಳಿದ್ದಲ್ಲ. ನಮ್ಮ ಬೆಂಗಳೂರಿನ ಐಸೆಕ್‌ನ ಎಸ್. ಮಾದೇಶ್ವರನ್ ಚೆನ್ನೈ ಮತ್ತು ಮುಂಬಯಿಯ ಕಾರ್ಮಿಕರ ಸಂಬಳವನ್ನೂ ಅವರ ಕೆಲಸದ ಅಪಾಯವನ್ನೂ ತಾಳೆ ಹಾಕಿ 2007ರಲ್ಲಿ ಪ್ರಕಟಿಸಿದ ಅಂದಾಜು ಸುಮಾರು ಅಷ್ಟೇ. ಅದೂ ಆಗಿನ ರೂಪಾಯಿಯಲ್ಲಿ.

ಈಗ ಥಾಣೆ–ದಿವಾ ಐದು-ಆರನೇ ಹಳಿಯನ್ನೇ ತೆಗೆದುಕೊಳ್ಳಿ, ಮುಂಬ್ರಾ ಇರುವುದು ಅದೇ ದಾರಿಯಲ್ಲಿ. 2008ರಲ್ಲಿ ಕೈಗೆತ್ತಿಕೊಂಡದ್ದು 2022ರ ಫೆಬ್ರವರಿಯಲ್ಲಿ ಮುಗಿಯಿತು, ಖರ್ಚು ಸುಮಾರು 620 ಕೋಟಿ. ಜೀವ ಉಳಿಸುವುದಷ್ಟೇ ಅದರ ಉದ್ದೇಶವಲ್ಲ, ಗೊತ್ತು. ಆದರೂ ಲೆಕ್ಕ ಹಾಕಿ. ಒಂದು ಜೀವಕ್ಕೆ ಎಂಟು ಲಕ್ಷ ಅಂದರೆ ಆ ದುಡ್ಡು ಹುಟ್ಟಲು 7,750 ಸಾವು ತಪ್ಪಬೇಕು. ಒಂದೂವರೆ ಕೋಟಿ ಅಂದರೆ 414 ಸಾಕು. ಮೊದಲನೇ ಲೆಕ್ಕ ಹಿಡಿದವನು "ದುಬಾರಿ, ಆಮೇಲೆ ನೋಡೋಣ" ಅನ್ನುತ್ತಾನೆ. ಎರಡನೆಯವನು ಹದಿನಾಲ್ಕು ವರ್ಷ ಕಾಯುತ್ತಿದ್ದನೇ? ನೀವೇ ಹೇಳಿ.

ಇದರಲ್ಲೂ ಒಂದು ಮೋಸ ಇದೆ, ಮುಚ್ಚಿಡುವುದಿಲ್ಲ. ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನನ್ನು ಕೇಳಿದರೆ ವರ್ಷಕ್ಕೆ ನೂರು ರೂಪಾಯಿಯೂ ಕೊಡಲಾರೆ ಅಂದಾನು. ಜೀವದ ಮೇಲೆ ಆಸೆ ಇಲ್ಲ ಅಂತಲ್ಲ, ಜೇಬು ಖಾಲಿ. ಜೇಬು ನೋಡಿ ಬೆಲೆ ಕಟ್ಟಿದರೆ ಏಸಿ ಲೋಕಲ್‌ನ ಕಥೆಯೇ ಮತ್ತೆ. ರಸ್ತೆ ಅಪಘಾತದ ಟ್ರಿಬ್ಯೂನಲ್‌ಗಳು ಮಾಡುವುದೂ ಹೀಗೇ: ಸತ್ತವನ ಆದಾಯವನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ. ಸರ್ಲಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಆ ಕೋಷ್ಟಕವನ್ನೇ ಗಟ್ಟಿ ಮಾಡಿತು. ಇಂಜಿನಿಯರನಿಗೆ ಕೋಟಿ, ಕ್ಲೀನರಿಗೆ ಕೆಲವು ಲಕ್ಷ. ಈ ಒಂದು ವಿಷಯದಲ್ಲಿ ರೈಲ್ವೆಯೇ ಮೇಲು ಅನ್ನಬೇಕು, ಕೊಡುವ ಎಂಟು ಲಕ್ಷ ಎಲ್ಲರಿಗೂ ಒಂದೇ. ಹಾಗಾದರೆ ಸಾಯುವ ಮುಂಚಿನ ಬೆಲೆಯೂ ಎಲ್ಲರಿಗೂ ಒಂದೇ ಇರಲಿ.

ಕಲ್ಯಾಣ್–ಬದ್ಲಾಪುರ ಮೂರು-ನಾಲ್ಕನೇ ಹಳಿ ನಮ್ಮ ವಿಠ್ಠಲವಾಡಿ, ಉಲ್ಹಾಸನಗರದ ಮೂಲಕವೇ ಹೋಗುವ ಯೋಜನೆ. ಮತ ಕೇಳಲು ಕನ್ನಡ ಸಂಘಗಳಿಗೆ ಬಂದು ಶಾಲು ಹೊದ್ದು ಹೋಗುವವರನ್ನು ಈ ಸಲ ಒಂದೇ ಪ್ರಶ್ನೆ ಕೇಳೋಣ: ಆ ಹಳಿ ಒಂದು ವರ್ಷ ತಡವಾದರೆ ಎಷ್ಟು ಜೀವ ಅಂತ ಬರೆದುಕೊಂಡಿದ್ದೀರಿ, ತಲೆಗೆ ಎಷ್ಟು ಹಾಕಿದ್ದೀರಿ?