ಕೆರೆ ಕೆಡಿಸಿದವರ ದಂಡ ಯಾರ ಜೇಬಿನಿಂದ?

ನೀರಿಗೆ ಬೆಂಕಿ ಹತ್ತಿತೆಂದರೆ ನಮ್ಮ ಹಿರಿಯರು ನಂಬುತ್ತಿರಲಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರ ಮೇ ತಿಂಗಳಲ್ಲಿ ನೊರೆಯೇ ಹೊತ್ತಿ ಉರಿಯಿತು. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೈನಿಕರೇ ಬರಬೇಕಾಯಿತು. ಒಂದು ಕಾಲಕ್ಕೆ ಗದ್ದೆಗಳಿಗೆ ನೀರುಣಿಸಿದ ಕೆರೆ ಇದು!

ಇದರಲ್ಲಿ ಪವಾಡವೇನೂ ಇಲ್ಲ. ನಗರ ಬೆಳೆಯಿತು, ಅದಕ್ಕೆ ತಕ್ಕ ಒಳಚರಂಡಿ ಬೆಳೆಯಲಿಲ್ಲ. ಶುದ್ಧಿ ಮಾಡದ ಕೊಳಚೆ ವರ್ಷಗಟ್ಟಲೆ ಕೆರೆಗೆ ಹರಿದು, ತಳದ ಹೂಳಿನಲ್ಲಿ ಕೊಳೆತು, ಉರಿಯುವ ಮೀಥೇನ್ ಅನಿಲವನ್ನು ಹುಟ್ಟಿಸಿತು. ಬಟ್ಟೆ ಒಗೆಯುವ ಪುಡಿಯ ರಾಸಾಯನಿಕಗಳು ಕೋಡಿಯಲ್ಲಿ ಕಡೆದು ನೊರೆಯಾಗಿ ರಸ್ತೆಗೆ ಹಾರಿದವು. ಪುಡಿಯಲ್ಲಿದ್ದ ಫಾಸ್ಫೇಟ್ ಕಳೆಗೆ ಗೊಬ್ಬರವಾಯಿತು. ಕಳೆ ನೀರನ್ನು ಮುಚ್ಚಿತು, ಮೀನಿಗೆ ಉಸಿರಿಲ್ಲದಾಯಿತು. ಆದರೂ ಉಪದೇಶವೆಲ್ಲ ಬಟ್ಟೆ ಒಗೆಯುವ ತಾಯಂದಿರಿಗೆ! ಪುಡಿಯಲ್ಲಿ ಏನು ಬೆರೆಸಬೇಕೆಂದು ಗೊತ್ತುಮಾಡುವವರು ಅವರೇನು?

ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬೆಂಗಳೂರು ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಸಂತೋಷ. ಆದರೆ ಬೊಕ್ಕಸದ ಹಣ ಯಾರದು? ಅದೇ ಪುಡಿಯ ಪೊಟ್ಟಣ ಕೊಳ್ಳುವಾಗಲೂ ತೆರಿಗೆ ತೆರುವ ಗಿರಣಿ ಕಾರ್ಮಿಕನದು, ಅದನ್ನು ಮಾರಿ ಲೆಕ್ಕ ಒಪ್ಪಿಸುವ ಚಿಲ್ಲರೆ ಅಂಗಡಿಯವನದು. ಕೆರೆಯೂ ನಮ್ಮದು ಹೋಯಿತು, ದಂಡವೂ ನಮ್ಮದೇ ಆಯಿತು.

1974ರ ಜಲಮಾಲಿನ್ಯ ಕಾಯಿದೆಯಲ್ಲಿ ಸೆರೆವಾಸದ ಭಯವಾದರೂ ಇತ್ತು. ಕೇಂದ್ರ ಸರ್ಕಾರ 2024ರಲ್ಲಿ ಅದನ್ನು ತಿದ್ದಿ, ಹಲವು ತಪ್ಪುಗಳಿಗೆ ಸೆರೆವಾಸ ತೆಗೆದು ಹಣದ ದಂಡವನ್ನಷ್ಟೇ ಇಟ್ಟಿತು. ಹಣವುಳ್ಳವನಿಗೆ ಇದು ಶಿಕ್ಷೆಯಲ್ಲ, ಖರ್ಚಿನ ಬಾಬ್ತು.

ಕೊಳಚೆ ಬಿಟ್ಟವನಿಂದಲೇ ವಸೂಲಾಗಲಿ ಎಂಬುದು ನಮ್ಮ ಬೇಡಿಕೆ. ನಮ್ಮೂರ ಚರಂಡಿ ಎಲ್ಲಿಗೆ ಸೇರುತ್ತದೆಂದು ನಿಮ್ಮ ವಾರ್ಡಿನ ಸದಸ್ಯರನ್ನು ಈ ವಾರವೇ ಕೇಳಿರಿ.