ಕಾರು ಅದೇ, ಭಾಗಗಳು ಬೇರೆ

ಹಳೆಯ ಕಾರುಗಳನ್ನು ಸಂಗ್ರಹಿಸುವವರ ನಡುವೆ ಒಂದು ಪ್ರಶ್ನೆ ಪದೇ ಪದೇ ಏಳುತ್ತದೆ. ರಿಪೇರಿ ಮಾಡಿ, ಹೊಸದರಂತೆ ಮಿರುಗಿಸಿ ನಿಲ್ಲಿಸಿದ ಹಳೆಯ ಕಾರನ್ನು ಎಲ್ಲಿಯವರೆಗೆ ‘ಅದೇ ಕಾರು’ ಎನ್ನಬಹುದು? ಚಕ್ರ ಬದಲಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಂಜಿನ್ ಬದಲಾದರೆ ಕೆಲವರ ಹುಬ್ಬೇರುತ್ತದೆ. ಬಾಡಿ, ಎಂಜಿನ್, ಚಾಸಿ ಎಲ್ಲವೂ ಬದಲಾಗಿದ್ದರೆ? 1990ರಲ್ಲಿ ಈ ಪ್ರಶ್ನೆ ಲಂಡನ್ನಿನ ಹೈಕೋರ್ಟಿನ ಮೆಟ್ಟಿಲೇರಿತು. ಪಣಕ್ಕಿದ್ದದ್ದು 1 ಕೋಟಿ ಪೌಂಡು.

ಆ ಕಾರಿನ ಹೆಸರು ‘ಓಲ್ಡ್ ನಂಬರ್ ಒನ್’. ಬೆಂಟ್ಲಿ ಕಂಪನಿಯ ‘ಸ್ಪೀಡ್ ಸಿಕ್ಸ್’ ಮಾದರಿಯ ರೇಸ್ ಕಾರು ಅದು. ಅದರ ಮಾಲೀಕರು 1 ಕೋಟಿ ಪೌಂಡಿಗೆ ಮಾರಲು ಒಪ್ಪಿದ್ದರು, ಕಂಪನಿಯೊಂದು ಕೊಳ್ಳಲು ಒಪ್ಪಿತ್ತು. ಆಮೇಲೆ ಕೊಳ್ಳುವವರು ತಕರಾರು ತೆಗೆದರು. ‘ನೀವು ಮಾರುತ್ತಿರುವುದು ಆ ಹೆಸರಾಂತ ಕಾರೇ ಅಲ್ಲ’ ಎಂಬುದು ಅವರ ವಾದ. ಮಾಲೀಕರು ನ್ಯಾಯಾಲಯಕ್ಕೆ ಹೋದರು.

ಗೆದ್ದ ಕಾರು

ಆ ಕಾರಿಗೆ ಅಷ್ಟೊಂದು ಬೆಲೆ ಏಕೆ ಎಂಬುದನ್ನು ತಿಳಿಯಲು 1920ರ ದಶಕಕ್ಕೆ ಹೋಗಬೇಕು. ಡಬ್ಲ್ಯು.ಓ. ಬೆಂಟ್ಲಿ ಎಂಬ ಎಂಜಿನಿಯರು 1919ರಲ್ಲಿ ಸ್ಥಾಪಿಸಿದ ಕಂಪನಿ ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಹೆಮ್ಮೆಯಾಯಿತು. ಕಾರಣ, ಫ್ರಾನ್ಸಿನ ಲೆ ಮಾನ್ ಊರಿನಲ್ಲಿ ನಡೆಯುವ 24 ಗಂಟೆಗಳ ರೇಸ್. ಹಗಲು ರಾತ್ರಿ ಬಿಡದೆ ಓಡಬೇಕಾದ ಈ ಸ್ಪರ್ಧೆಯಲ್ಲಿ ವೇಗದಷ್ಟೇ ತಾಳಿಕೆಯೂ ಮುಖ್ಯ. ಬೆಂಟ್ಲಿ ಕಾರುಗಳು 1924ರಲ್ಲಿ ಒಮ್ಮೆ, ಆಮೇಲೆ 1927ರಿಂದ 1930ರವರೆಗೆ ಸತತ ನಾಲ್ಕು ಬಾರಿ ಇದನ್ನು ಗೆದ್ದವು.

ಆರು ಸಿಲಿಂಡರಿನ, ಆರೂವರೆ ಲೀಟರ್ ಎಂಜಿನ್ನಿನ ಸ್ಪೀಡ್ ಸಿಕ್ಸ್ ಇವುಗಳಲ್ಲಿ ಕೊನೆಯ ಎರಡು ಗೆಲುವುಗಳನ್ನು ತಂದಿತು. 1929ರಲ್ಲಿ ಕಂಪನಿಯ ಅಧ್ಯಕ್ಷ ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬರ್ಕಿನ್ ಸರದಿಯ ಮೇಲೆ ಓಲ್ಡ್ ನಂಬರ್ ಒನ್ ಅನ್ನು ಓಡಿಸಿ ಮೊದಲ ಸ್ಥಾನ ಪಡೆದರು. ಆ ವರ್ಷ ಮೊದಲ ನಾಲ್ಕು ಸ್ಥಾನಗಳೂ ಬೆಂಟ್ಲಿಯ ಪಾಲಾದವು. ಮರುವರ್ಷ ಬಾರ್ನಾಟೊ, ಗ್ಲೆನ್ ಕಿಡ್ಸ್ಟನ್ ಅವರ ಜೊತೆಗೂಡಿ ಅದೇ ಕಾರಿನಲ್ಲಿ ಮತ್ತೆ ಗೆದ್ದರು. ಒಂದೇ ಕಾರು ಎರಡು ವರ್ಷ ಸತತವಾಗಿ ಲೆ ಮಾನ್ ಗೆದ್ದಿತು ಎಂಬುದು ಅದರ ಕೀರ್ತಿಯ ಬುನಾದಿ.

ಆದರೆ ರೇಸಿನ ಕಾರು ಗಾಜಿನ ಬೀರುವಿನಲ್ಲಿ ಇಡುವ ವಸ್ತುವಲ್ಲ. ಪ್ರತಿ ರೇಸಿನ ನಂತರ ಅದನ್ನು ಬಿಚ್ಚುತ್ತಾರೆ. ಸವೆದದ್ದನ್ನು ಬಿಸಾಡಿ ಹೊಸದನ್ನು ಹಾಕುತ್ತಾರೆ. ಮುಂದಿನ ರೇಸಿಗೆ ಬೇರೆ ಬಾಡಿ ಬೇಕೆಂದರೆ ಅದನ್ನೂ ಕೂರಿಸುತ್ತಾರೆ. ಮೆಕ್ಯಾನಿಕ್ಕಿಗೆ ನಾಳೆಯ ಓಟದ ಚಿಂತೆಯೇ ಹೊರತು, 60 ವರ್ಷ ಕಳೆದ ಮೇಲೆ ನ್ಯಾಯಾಲಯದಲ್ಲಿ ಏನು ಕೇಳುತ್ತಾರೆ ಎಂಬ ಚಿಂತೆ ಇರುವುದಿಲ್ಲ.

1931ರಲ್ಲಿ ಬೆಂಟ್ಲಿ ಕಂಪನಿ ಸಾಲದಲ್ಲಿ ಮುಳುಗಿತು. ರೋಲ್ಸ್ ರಾಯ್ಸ್ ಅದನ್ನು ಕೊಂಡಿತು. ಓಲ್ಡ್ ನಂಬರ್ ಒನ್ ಮಾತ್ರ ಓಡುತ್ತಲೇ ಇತ್ತು. ಲಂಡನ್ನಿಗೆ ಹತ್ತಿರದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ತಿರುವುಗಳಲ್ಲಿ ಗೋಡೆಯಂತೆ ಮೇಲೇರುವ ಕಾಂಕ್ರೀಟ್ ರೇಸ್ ಪಥವಿತ್ತು. 1931ರಲ್ಲಿ ಅಲ್ಲಿ ನಡೆದ 500 ಮೈಲಿ ರೇಸನ್ನು ಜ್ಯಾಕ್ ಡನ್ಫಿ ಮತ್ತು ಸಿರಿಲ್ ಪಾಲ್ ಇದೇ ಕಾರಿನಲ್ಲಿ ಗೆದ್ದರು. ಮರುವರ್ಷ ಅದಕ್ಕೆ 8 ಲೀಟರಿನ ದೊಡ್ಡ ಎಂಜಿನ್ ಬಂತು. 1932ರ ಸೆಪ್ಟೆಂಬರಿನಲ್ಲಿ ಅದೇ ರೇಸಿನಲ್ಲಿ ಜ್ಯಾಕ್‌ನ ಸಹೋದರ ಕ್ಲೈವ್ ಡನ್ಫಿ ಸ್ಟಿಯರಿಂಗ್ ಹಿಡಿದಿದ್ದರು. ಕಾರು ತಿರುವಿನ ಅಂಚನ್ನು ದಾಟಿ ಹೊರಕ್ಕೆ ಹಾರಿತು. ಕ್ಲೈವ್ ಬದುಕುಳಿಯಲಿಲ್ಲ.

ಜಖಂ ಆದ ಕಾರನ್ನು ಎಸೆಯಲಿಲ್ಲ. ರಸ್ತೆಯಲ್ಲಿ ಓಡಿಸುವಂತೆ ಮೇಲೆ ಮುಚ್ಚಿಗೆಯಿರುವ ಕೂಪೆ ಬಾಡಿ ಕಟ್ಟಿ ಅದನ್ನು ಮತ್ತೆ ಎಬ್ಬಿಸಲಾಯಿತು. ಬಹಳ ಕಾಲದ ನಂತರ ಅದಕ್ಕೆ ಮತ್ತೆ ತೆರೆದ ರೇಸ್ ಕಾರಿನ ರೂಪ ಬಂತು. 1990ರಲ್ಲಿ ಮಾರಾಟಕ್ಕೆ ನಿಂತದ್ದು ಈ ಕಾರು.

ಉಳಿದದ್ದೆಷ್ಟು?

ವಿಚಾರಣೆಯಲ್ಲಿ ಕಾರಿನ ಒಂದೊಂದು ಭಾಗದ ಜಾತಕವೂ ಹೊರಬಂತು. 1929ರಲ್ಲಿ ಗೆದ್ದ ಕಾರಿನಿಂದ ಉಳಿದಿರಬಹುದಾದದ್ದು ಯಾವ ಕಾಲದ್ದೆಂದು ಹೇಳಲಾಗದ ಕೆಲವು ಚಿಲ್ಲರೆ ಸಾಮಾನು ಮಾತ್ರ. 1930ರ ಕಾರಿನಿಂದ ಉಳಿದದ್ದು ಪೆಡಲುಗಳ ದಂಡ, ಗೇರ್ ಬಾಕ್ಸಿನ ಹೊರಕವಚ ಮತ್ತು ಸ್ಟಿಯರಿಂಗ್ ಕಂಬ. ಹೆಚ್ಚು ಉಳಿದದ್ದು 1932ರ ಕಾರಿನದು: ಚಾಸಿ, ಸ್ಪ್ರಿಂಗುಗಳು, ಮುಂದಿನ ಆಕ್ಸೆಲ್, ಹಿಂದಿನ ಬ್ರೇಕುಗಳು, 8 ಲೀಟರಿನ ಎಂಜಿನ್. ಅಂದರೆ, ಗೆದ್ದ ಕಾರು ಬಹುಮಟ್ಟಿಗೆ ಕರಗಿ ಹೋಗಿತ್ತು. ಒಬ್ಬ ಯುವಕನ ಪ್ರಾಣ ತೆಗೆದ ಕಾರು ಉಳಿದಿತ್ತು.

ಕೊಳ್ಳುವವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಲೆ ಮಾನ್ ಗೆದ್ದ ಕಾರಿಗೆಂದು 1 ಕೋಟಿ ಪೌಂಡು ಕೊಡುವವನಿಗೆ ಲೆ ಮಾನ್‌ನಲ್ಲಿ ಓಡಿದ ಲೋಹ ಬೆರಳೆಣಿಕೆಯಷ್ಟೇ ಸಿಗುತ್ತದೆ ಎಂದರೆ ಹೇಗೆ?

ಇದೇ ಬಗೆಯ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಬಹು ಹಿಂದೆಯೇ ಕೇಳಲಾಗಿತ್ತು. ಕ್ರಿ.ಪೂ. ಎರಡನೆಯ ಶತಮಾನದ ಗ್ರೀಕ್ ಮೂಲದ ಅರಸು ಮಿನಾಂಡರ್, ಪಾಲಿ ಗ್ರಂಥ ‘ಮಿಲಿಂದ ಪನ್ಹ’ದಲ್ಲಿ ಮಿಲಿಂದನಾಗಿ ಬರುತ್ತಾನೆ. ಬೌದ್ಧ ಭಿಕ್ಷು ನಾಗಸೇನ ಅವನನ್ನು ಕೇಳುತ್ತಾನೆ: ಮಹಾರಾಜ, ನೀನು ಬಂದದ್ದು ರಥದಲ್ಲಲ್ಲವೇ? ಹಾಗಾದರೆ ರಥ ಯಾವುದು? ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಅರಸು ಎಲ್ಲಕ್ಕೂ ಅಲ್ಲ ಎನ್ನುತ್ತಾನೆ. ಇವೆಲ್ಲವನ್ನೂ ಬಿಟ್ಟು ಬೇರೆ ಏನಾದರೂ ರಥವೇ? ಅದೂ ಅಲ್ಲ. ಕೊನೆಗೆ ಅರಸನೇ ಒಪ್ಪಿಕೊಳ್ಳುತ್ತಾನೆ: ಈ ಭಾಗಗಳನ್ನು ಆಶ್ರಯಿಸಿ ‘ರಥ’ ಎಂಬ ಹೆಸರು ನಡೆದುಬರುತ್ತದೆ, ಅಷ್ಟೆ. ಮನುಷ್ಯನ ಹೆಸರೂ ಹಾಗೆಯೇ ಎಂದು ನಾಗಸೇನ ವಿವರಿಸುತ್ತಾನೆ.

ಮಿಲಿಂದನ ರಥಕ್ಕೆ ಖರೀದಿದಾರ ಇರಲಿಲ್ಲ. ಲಂಡನ್ನಿನ ನ್ಯಾಯಾಧೀಶ ಆಟನ್ ಅವರು ಮಾತ್ರ ತೀರ್ಪು ಕೊಡಲೇಬೇಕಿತ್ತು. ಅವರು ಎರಡು ಮಾತುಗಳನ್ನು ಬಿಡಿಸಿ ನೋಡಿದರು. ಕಾರು ‘ಮೂಲ ಸ್ಥಿತಿಯದು’ ಎನ್ನಲು ಬರುವುದಿಲ್ಲ, ಏಕೆಂದರೆ ಕಾರ್ಖಾನೆಯಿಂದ ಹೊರಬಂದಾಗಿನ ಭಾಗಗಳು ಅದರಲ್ಲಿಲ್ಲ. ಆದರೆ ಅದು ‘ಅಸಲಿ’ ಹೌದು. ಭಾಗಗಳು ಒಂದೇ ದಿನ ಬದಲಾದವಲ್ಲ. ಸ್ವಲ್ಪ ಸ್ವಲ್ಪವಾಗಿ, ವರ್ಷಗಳ ಅವಧಿಯಲ್ಲಿ, ಹೊಸದು ಹಳೆಯದರೊಳಗೆ ಬೆರೆತು ಹೋಯಿತು. ಯಾವ ಘಟ್ಟದಲ್ಲೂ ಕಾರು ತನ್ನ ಗುರುತನ್ನು ಕಳೆದುಕೊಳ್ಳಲಿಲ್ಲ. ಆ ಹೆಸರಿಗೆ ಹಕ್ಕು ಸಾಧಿಸಬಲ್ಲ ಬೇರೊಂದು ಕಾರೂ ಜಗತ್ತಿನಲ್ಲಿಲ್ಲ. ಆದ್ದರಿಂದ ಇದೇ ಓಲ್ಡ್ ನಂಬರ್ ಒನ್. ತೀರ್ಪು ಮಾಲೀಕರ ಪರವಾಯಿತು.

ಹೊಸದಾಗಿ ಹುಟ್ಟಿದ ಹಳೆಯ ಕಾರು

ಈ ತೀರ್ಪಿನ ತಿರುಳು ಅರ್ಥವಾಗಲು ಇನ್ನೊಂದು ಉದಾಹರಣೆ ಪಕ್ಕದಲ್ಲಿಟ್ಟು ನೋಡಬಹುದು. ಬೆಂಟ್ಲಿ ಕಂಪನಿ 2022ರಲ್ಲಿ ಸ್ಪೀಡ್ ಸಿಕ್ಸ್ ಕಾರುಗಳನ್ನು ಮತ್ತೆ ತಯಾರಿಸುವುದಾಗಿ ಸಾರಿತು. ಗಿರಾಕಿಗಳಿಗಾಗಿ ಕೇವಲ 12 ಕಾರು. ಹಳೆಯ ನಕ್ಷೆಗಳನ್ನು ಹುಡುಕಿ, ಉಳಿದಿರುವ ಕಾರುಗಳನ್ನು ಅಳೆದು, ಪ್ರತಿ ಭಾಗವನ್ನೂ ಹಿಂದಿನಂತೆಯೇ ಮಾಡುವ ಯೋಜನೆ ಅದು. ರೂಪದಲ್ಲಿ, ಅಳತೆಯಲ್ಲಿ ಈ ಕಾರುಗಳು 1930ರ ಸ್ಪೀಡ್ ಸಿಕ್ಸ್‌ಗೆ ಓಲ್ಡ್ ನಂಬರ್ ಒನ್‌ಗಿಂತಲೂ ಹತ್ತಿರವಿರಬಹುದು. ಮಾಡಿದ್ದೂ ಅದೇ ಹೆಸರಿನ ಕಂಪನಿ. ಆದರೂ ಅವು ಲೆ ಮಾನ್ ಗೆದ್ದ ಕಾರುಗಳೆಂದು ಯಾರೂ ಹೇಳುವುದಿಲ್ಲ, ಕಂಪನಿಯೂ ಹೇಳುವುದಿಲ್ಲ. ಅವುಗಳಿಗೆ ರೂಪವಿದೆ, ಚರಿತ್ರೆ ಇಲ್ಲ. ಓಲ್ಡ್ ನಂಬರ್ ಒನ್‌ಗೆ ಮೂಲ ಭಾಗಗಳಿಲ್ಲ, ಕಡಿಯದ ಚರಿತ್ರೆ ಇದೆ.

ಹಾಗೆಂದು ಚರಿತ್ರೆ ಇದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಆ ಮೊಕದ್ದಮೆಯಲ್ಲಿ ಕಾರಿನ ಕೈಹಿಡಿದದ್ದು ಯಾವ ವರ್ಷ ಏನು ಬದಲಾಯಿತು ಎಂಬುದನ್ನು ತೋರಿಸಲು ಸಾಧ್ಯವಾದದ್ದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫೀವಾ’ 2012ರಲ್ಲಿ ಟ್ಯೂರಿನ್ ನಗರದಲ್ಲಿ ಒಂದು ಸನ್ನದನ್ನು ಅಂಗೀಕರಿಸಿತು. ಅದರ ಹುರುಳೂ ಇದೇ: ಸಾಧ್ಯವಾದಷ್ಟು ಹಳೆಯದನ್ನು ಉಳಿಸಿ, ಬದಲಾಯಿಸಲೇಬೇಕಾದರೆ ಬದಲಾಯಿಸಿ, ಆದರೆ ಬದಲಾಯಿಸಿದ್ದನ್ನು ಬರೆದಿಡಿ, ಮುಚ್ಚಿಡಬೇಡಿ.

ರಿಪೇರಿ ಮೋಸವಲ್ಲ. ರಿಪೇರಿಯನ್ನು ಮರೆಮಾಚಿ, ಏನೂ ಆಗಿಲ್ಲವೆಂದು ಮಾರುವುದು ಮೋಸ. ಈ ವ್ಯತ್ಯಾಸ ಕಾರುಗಳಿಗಷ್ಟೇ ಸೀಮಿತವಲ್ಲ. ಲೆಕ್ಕ ತಪ್ಪಿದ ವಿದ್ಯಾರ್ಥಿ ಆ ಹಾಳೆಯನ್ನೇ ಹರಿದು ಹೊಸ ಹಾಳೆಯಲ್ಲಿ ಬರೆದರೆ ನೋಟ್ ಪುಸ್ತಕ ನೋಡಲು ಚೆನ್ನಾಗಿರುತ್ತದೆ. ತಪ್ಪಿಗೆ ಒಂದು ಗೆರೆ ಎಳೆದು ಕೆಳಗೆ ಸರಿ ಉತ್ತರ ಬರೆದರೆ, ತಾನು ಎಲ್ಲಿ ಎಡವಿದ್ದೆ ಎಂಬುದು ಪರೀಕ್ಷೆಯ ಹಿಂದಿನ ರಾತ್ರಿ ಅವನಿಗೆ ಕಾಣುತ್ತದೆ. ಮಕ್ಕಳ ಅಂದವಾದ ಪುಸ್ತಕಕ್ಕೆ ಮೆಚ್ಚುಗೆ ಸೂಚಿಸುವ ತಂದೆ ತಾಯಿ ಗೆರೆ ಎಳೆದ ಪುಸ್ತಕಕ್ಕೂ ಒಂದು ಒಳ್ಳೆಯ ಮಾತು ಹೇಳಬಹುದು.

ಮನೆಯ ಮೂಲೆಯಲ್ಲಿ ತಾತನ ಸೈಕಲ್ಲೋ, ಹಳೆಯ ಸ್ಕೂಟರೋ ಇದ್ದರೆ ಈ ರಜೆಯಲ್ಲಿ ಅದನ್ನು ರಿಪೇರಿಗೆ ತೆಗೆಯಬಹುದು. ಜೊತೆಗೆ ಒಂದು ಪುಸ್ತಕ ಇಡುವುದು ಒಳ್ಳೆಯದು. ಯಾವ ದಿನ ಚೈನು ಬದಲಾಯಿತು, ಯಾವ ದಿನ ಸೀಟು, ಹಳೆಯದು ಎಲ್ಲಿದೆ, ಅದನ್ನು ಮೊದಲು ತಂದವರು ಯಾರು ಎಂದು ಅದರಲ್ಲಿ ಬರೆಯುತ್ತಾ ಹೋದರೆ ಸಾಕು. ಮುಂದೊಂದು ದಿನ ಸೈಕಲ್ಲಿನ ಎಲ್ಲ ಭಾಗಗಳೂ ಬದಲಾಗಿರಬಹುದು. ಆ ಪುಸ್ತಕ ಕಳೆಯದಿದ್ದರೆ ಅದು ಆಗಲೂ ತಾತನ ಸೈಕಲ್ಲೇ.